ಬೇಗೂರಿನಲ್ಲಿ ಎದ್ದು ನಡೆದ ಪಂಕ್ತಿ

ಬೇಗೂರಿನ ಹಳೆಯ ದೇವಸ್ಥಾನದಿಂದ ಹೊರಬಂದಾಗ ಸಂಜೆಯಾಗಿತ್ತು. ಬಯಲಲ್ಲಿ ಕೂತು ಉಣ್ಣುವ ಜಾಗ ಎಲ್ಲಿದೆಯೆಂದು ಹೂ ಮಾರುವ ಹೆಂಗಸನ್ನು ಕೇಳಿದೆ. ಅವರು ಕೆರೆಯ ಕಡೆ ಕೈ ತೋರಿಸಿದರು.

ಅಲ್ಲೊಂದು ಖಾಲಿ ಸೈಟಿನ ಹೊಂಗೆ ಮರದಡಿ, ಯಾದಗಿರಿ ಕಡೆಯ ಶರಣಮ್ಮ ಎಂಬುವವರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಟ್ಟಡ ಕೆಲಸ ಮುಗಿಸಿ ಬಂದ ಏಳೆಂಟು ಜನರ ಸಾಲಿನಲ್ಲಿ ನಾನೂ ಕೂತೆ. ಕೆರೆಯ ಗಾಳಿಗೆ ಹೊಂಗೆಯ ಹೂ ತಟ್ಟೆಯೊಳಗೇ ಉದುರುತ್ತಿತ್ತು. ಯಾರಿಗೂ ಅವಸರವಿರಲಿಲ್ಲ.

ಅಷ್ಟರಲ್ಲಿ ಬೇಲಿಯ ತಗಡು ಹೇರಿದ ಗಾಡಿ ಬಂತು.

"ಸೈಟ್ ಓನರ್ ಇವತ್ತೇ ಬೇಲಿ ಹಾಕಿ ಮುಚ್ಚಿ ಅಂದ್ಬಿಟ್ಟಿದ್ದಾರೆ, ಅಕ್ಕಾ," ಎಂದ ಗಾಡಿಯಿಂದಿಳಿದ ಮೇಸ್ತ್ರಿ, ಮುಖ ನೋಡಲಾಗದೆ.

ಶರಣಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. "ಉಣ್ಣೋರ್ನ ಹ್ಯಾಂಗ ಎಬ್ಬಿಸ್ಲೋ ತಮ್ಮಾ?"

ಎದುರು ಮನೆಯ ಅಜ್ಜಿ ಜಗಲಿಯಿಂದಲೇ ಕೂಗಿದರು. "ನಮ್ಮ ಅಂಗಳ ಐತಲ್ಲಮ್ಮಾ, ಒಲೆ ಎತ್ಕೊಂಡು ಬಾ!"

ಒಬ್ಬ ಒಲೆ ಎತ್ತಿದ, ಇನ್ನೊಬ್ಬ ಸಿಲಿಂಡರ್ ಹೊತ್ತ. ನನ್ನ ಕೈಗೆ ಹುಳಿ ಸೊಪ್ಪಿನ ಪುಂಡಿಪಲ್ಲೆಯ ಪಾತ್ರೆ ಬಂತು. ಉಳಿದವರು ತಟ್ಟೆ ಹಿಡಿದು, ತಿನ್ನುತ್ತಲೇ ರಸ್ತೆ ದಾಟಿದರು. ಆಫೀಸಿನ ಕ್ಯಾಬೊಂದು ಹಾರ್ನ್ ಕೂಡ ಹೊಡೆಯದೆ ನಮಗಾಗಿ ನಿಂತಿತು. ಆ ಹೊಂಬಿಸಿಲಿನಲ್ಲಿ ಎಲ್ಲವೂ ಕನಸಿನೊಳಗೆ ನಡೆದಂತೆ ನಿಧಾನವಾಗಿ ನಡೆಯಿತು.

ಅಂಗಳದಲ್ಲಿ ಒಲೆ ಮತ್ತೆ ಹೊತ್ತಿತು.

"ನಾಳೆಯಿಂದ್ಲೂ ಇಲ್ಲೇ ಮಾಡು," ಎಂದರು ಅಜ್ಜಿ.

ಶರಣಮ್ಮ ಕಾವಲಿಯಿಂದಿಳಿದ ಮೊದಲ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ಟರು. ಹಲ್ಲಿಲ್ಲದ ಅಜ್ಜಿ ಅದನ್ನು ಮುರಿದು ಹಾಲಿನಲ್ಲಿ ನೆನೆಹಾಕಿ, ನಮ್ಮ ಸಾಲಿಗೇ ಬಂದು ಕೂತರು.