ಟೈಲರಣ್ಣ ಮುಟ್ಟಿದ ಮಂತ್ರಿ

ಚದುರಂಗ ಆಡಲು ಕೂತಾಗ ಟೈಲರಣ್ಣ ಎರಡೂ ಅಂಗೈಗಳನ್ನು ತೊಡೆಯಡಿಗೆ ಸೇರಿಸಿ ಅವುಗಳ ಮೇಲೆಯೇ ಕೂತುಬಿಡುತ್ತಿದ್ದರು. ಕಾಯಿ ನಡೆಸುವ ಹೊತ್ತಿಗೆ ಬಲಗೈಯೊಂದೇ ಹೊರಗೆ ಬರುತ್ತಿತ್ತು. ಬೆರಳುಗಳ ಮೇಲೆ ಬೆಂಚಿನ ಹಲಗೆಯ ಗೆರೆ ಮೂಡಿರುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ, “ಬುಟ್ರೆ ತಲೆಗಿಂತ ಮುಂಚೆ ಕೈ ಓಯ್ತದೆ ಮೇಷ್ಟ್ರೇ,” ಎಂದು ನಕ್ಕಿದ್ದರು. ನಂಬಿದ್ದೆ.

ಅರಕಲಗೂಡಿನಿಂದ ಹೊಳೆನರಸೀಪುರದ ಶಾಲೆಗೆ ವರ್ಗವಾಗಿ ಬಂದ ವರ್ಷ, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಅವರ ಅಂಗಡಿಗೆ ಹೋಗಿದ್ದೆ. ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಚದುರಂಗದ ಮಣೆ ಇತ್ತು. ಕಾಲೇಜು ಬಿಟ್ಟಮೇಲೆ, ಇಪ್ಪತ್ತು ವರ್ಷ, ನಾನು ಕಾಯಿ ಹಿಡಿದಿರಲಿಲ್ಲ. ಮೊದಲ ಆಟದಲ್ಲೇ ಒಂಟೆಯನ್ನು ಎತ್ತಿ, ಯೋಚಿಸಿ, ವಾಪಸ್ ಇಟ್ಟೆ.

“ಅಂಗೆಲ್ಲ ಇಲ್ಲ. ಮುಟ್ಟಿದ್ಮೇಲೆ ಅದನ್ನೇ ಆಡ್ಬೇಕು. ಪ್ಯಾಂಟು ಕತ್ತರ್ಸಿದ್ಮೇಲೆ ಉದ್ದ ಮಾಡು ಅಂದ್ರೆ ಮಾಡ್ಕೊಡ್ಲಾ?”

ಭಾನುವಾರಗಳಲ್ಲಿ ಹೀಗೆ ಒಂದೊಂದೇ ಕಲಿಸಿದರು. ಓರೆಯಾದ ಕಾಯಿಯನ್ನು ಸರಿಪಡಿಸುವ ಮುನ್ನ ‘ಅಡ್ಜಸ್ಟ್’ ಎನ್ನಬೇಕು. ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು. ಸೋತವನು ತಾನೇ ಕೈ ಚಾಚಬೇಕು. “ಅರೀದೆ ತಗುಲಿದ್ರೆ ಮಾತ್ರ ಲೆಕ್ಕಕ್ಕಿಲ್ಲ. ಆದ್ರೆ ಅದನ್ನ ಬಾಯ್ಬುಟ್ಟು ಯೋಳ್ಬೇಕು.”

ಕಳೆದ ವರ್ಷ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಪಂದ್ಯಾವಳಿ ನಡೆಯಿತು. ಕೊನೆಯ ಸುತ್ತಿನಲ್ಲಿ ನಾವಿಬ್ಬರೇ ಎದುರುಬದುರಾದೆವು. ನಾನು ಸೋಲುವ ಸ್ಥಿತಿಯಲ್ಲಿದ್ದೆ. ಅವರು ಕುದುರೆಯಿಂದ ನನ್ನ ಆನೆಯನ್ನು ಹೊಡೆಯಲು ಕೈ ಚಾಚಿದರು. ಕಿರುಬೆರಳು ಪಕ್ಕದಲ್ಲಿದ್ದ ಅವರದೇ ಮಂತ್ರಿಗೆ ತಗುಲಿತು. ಆ ಮಂತ್ರಿ ಜಾಗ ಬಿಟ್ಟರೆ ಅವರ ರಾಜನಿಗೆ ಕಾವಲಿಲ್ಲ. ನಾನು ಗಡಿಯಾರ ನಿಲ್ಲಿಸಿ ಕೈ ಎತ್ತಿದೆ.

ತೀರ್ಪುಗಾರರು ಬಂದರು. “ಬೇಕು ಅಂತ ಮುಟ್ಟಿದ್ರಾ, ಇಲ್ಲ ಕೈ ತಗುಲ್ತಾ?”

ತಮ್ಮ ಆಟ ಮುಗಿಸಿ ಸುತ್ತ ನಿಂತಿದ್ದ ನಮ್ಮೂರಿನವರಲ್ಲಿ ಒಬ್ಬ, “ಏನ್ ಟೈಲರಣ್ಣ, ಅಳತೆ ತಪ್ಪೋಯ್ತಾ?” ಎಂದ. ಅವನ ಮೈಮೇಲಿದ್ದ ಅಂಗಿ ಇವರೇ ಹೊಲಿದದ್ದು. ಟೈಲರಣ್ಣ ಅವನನ್ನು ನೋಡಿದರು, ಆಮೇಲೆ ನನ್ನನ್ನು.

“ಮುಟ್ದೆ ಸಾ. ಮಂತ್ರೀನೇ ಆಡ್ತೀನಿ.”

ಎರಡು ನಡೆಗೆ ಆಟ ಮುಗಿಯಿತು. ಅವರು ಕೈ ಚಾಚಿದರು. ನನ್ನ ಹಿಡಿತದೊಳಗೆ ಆ ಕೈ ನಡುಗುತ್ತಿತ್ತು; ನಿಲ್ಲಲಿಲ್ಲ. ಮುಂದಕ್ಕೆ ಬಗ್ಗಿ, ನನಗೊಬ್ಬನಿಗೇ ಕೇಳುವಂತೆ, “ಯಾರ್ಗೂ ಯೋಳ್ಬ್ಯಾಡಿ ಮೇಷ್ಟ್ರೇ. ಟೈಲರ್ ಕೈ ನಡುಗ್ತದೆ ಅಂದ್ರೆ ಬಟ್ಟೆ ಯಾರ್ ಕೊಟ್ಟಾರು?” ಎಂದರು.

ಹೇಳಲಿಲ್ಲ. ಅಂಗಡಿ ನಡೆದೇ ಇತ್ತು. ಬಟ್ಟೆ ಕತ್ತರಿಸುವುದನ್ನು ಮಾತ್ರ ಬೆಳಗ್ಗೆ ಬೇಗ, ಶಟರ್ ಅರ್ಧ ಎಳೆದುಕೊಂಡು ಮುಗಿಸುತ್ತಿದ್ದರು. ನನ್ನೊಂದಿಗೆ ಮೊದಲಿನಂತೆಯೇ ಆಡಿದರು. ನನಗೇ ತಲೆ ಎತ್ತಿ ಅವರ ಮುಖ ನೋಡಲಾಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮನೆಯ ಮುಂದೆ ನೆರೆದಿದ್ದವರಲ್ಲಿ ಯಾರೋ ಹಾಸನದ ಆಟದ ಮಾತೆತ್ತಿದರು. “ಗೆಲ್ಲೋ ಆಟ ಕಣ್ರಪ್ಪ. ಮುಟ್ಟಿದ್ದುಂಟು ಅಂತ ಒಪ್ಕಂಡು ಬುಟ್ಕೊಟ್ಟ ಮನ್ಸ. ಅಲ್ವಾ ಮೇಷ್ಟ್ರೇ?” ನಾನು ಹೌದೆಂದು ತಲೆಯಾಡಿಸಿದೆ.

ಆ ಗಳಿಗೆಯನ್ನು ಎಷ್ಟು ಸಲ ನೆನೆದರೂ ಅದರ ಕ್ರಮ ಬದಲಾಗುವುದಿಲ್ಲ. ಮೊದಲು ಅವರ ಕೈ ನಡುಗಿತು. ಆಮೇಲೆ ಮಂತ್ರಿಗೆ ತಗುಲಿತು. ಎರಡನ್ನೂ ಕಂಡ ಮೇಲೆಯೇ ನಾನು ತೀರ್ಪುಗಾರರನ್ನು ಕರೆದದ್ದು.