ಆರ್ಡಿತ್ ಟೀಚರ ಬೆರಳು

ಲಿಮೋನ್ ಬಂದರೂರಿನ ನಮ್ಮ ಬೀದಿಯಲ್ಲಿ ಆರ್ಡಿತ್ ಟೀಚರ ವರಾಂಡ ಹತ್ತದ ಮಕ್ಕಳಿಲ್ಲ. ಸರ್ಕಾರಿ ಶಾಲೆಯದು ಸ್ಪ್ಯಾನಿಷ್. ಮನೆಯ ಇಂಗ್ಲಿಷ್ ಅಜ್ಜಿಯರು ಜಮೈಕಾದಿಂದ ತಂದದ್ದು. ಅದಕ್ಕೆ ಸಾಣೆ ಹಿಡಿಯುವುದು ಆರ್ಡಿತಳ ಕೆಲಸ. ಕಾರಿಗೆ 'ಇನ್', ಬಸ್ಸಿಗೆ 'ಆನ್', ನಿಲ್ದಾಣಕ್ಕೆ 'ಅಟ್'. ಯಾಕೆ ಎಂದರೆ, "ಕಿವೀನ ಕೇಳು, ಅದೇ ಹೇಳುತ್ತೆ" ಎನ್ನುವಳು. ತಪ್ಪು ಕಿವಿಗೆ ಬಿದ್ದರೆ ಬೆರಳ ಗೆಣ್ಣಿನಿಂದ ಮೇಜು ಕುಟ್ಟುವಳು. ಹುಟ್ಟುಗುಣ ಸುಟ್ಟರೂ ಹೋಗದು. ಮೀನಿನಂಗಡಿಯಲ್ಲೂ ಚರ್ಚಿನಲ್ಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ.

"ಸ್ವರ್ಗಕ್ಕೆ ಹೋದ್ರೂ ಬಾಗಿಲು ಕಾಯೋನ ಇಂಗ್ಲಿಷ್ ತಿದ್ದೇ ಒಳಗೆ ಹೋಗ್ತೀಯ ಕಣೇ ನೀನು" ಎಂದು ಪಕ್ಕದ ಮನೆಯ ಗೆಳತಿ ಮೇಬಲ್ ನಗುತ್ತಿದ್ದಳು.

ಆ ಮೇಬಲ್ ತೀರಿಕೊಂಡಳು. ಒಂಬತ್ತನೆಯ ಸಂಜೆ ಬೀದಿಯವರೆಲ್ಲ ಅವಳ ಮನೆಯಲ್ಲಿ ಸೇರಿದರು. ನಮ್ಮಲ್ಲಿ ಅಂದು ಕೈಹಿಡಿದವರು ಎದ್ದುನಿಂತು ಹೋದವರಿಗೆ ಕೊನೆಯ ಮಾತು ಹೇಳಬೇಕು, ಆಮೇಲೆ ಅವರ ಹಾಸಿಗೆ ತಿರುವಿ ಹಾಕಬೇಕು. ಹೇಳದಿದ್ದರೆ ಹೋದವರು ಹೊಸ್ತಿಲು ದಾಟುವುದಿಲ್ಲ.

ಮೇಬಲಳ ಗಂಡ ಆಲ್ಬನ್ ಬಂದರಿನಲ್ಲಿ ಬಾಳೆಗೊನೆ ಹೊತ್ತು ಮುದುಕನಾದವನು. ನಾಲ್ಕು ಜನರೆದುರು ಬಾಯಿ ಬಿಟ್ಟವನಲ್ಲ. ಆದರೂ ಎದ್ದ. ಹೆಂಡತಿಗೆ ಒಳ್ಳೆಯ ಇಂಗ್ಲಿಷೇ ಸಲ್ಲಬೇಕೆಂದು ಪದ ಹುಡುಕಿ ಹುಡುಕಿ ಜೋಡಿಸಿದ.

"ಮೇಬಲ್, ನಾನು ಕೆಲಸದಿಂದ ಬರೋವರ್ಗೂ ದಿನಾ ನೀನು ಗೇಟಿನ ಹತ್ರ ನಿಂತಿರ್ತಿದ್ದೆ..."

ಗೇಟಿಗೆ ಅವನು 'ಆನ್' ಹಾಕಿದ್ದ.

ಟಕ್! ಆರ್ಡಿತಳ ಬೆರಳು ಮೇಜು ಕುಟ್ಟಿತು. "ಅಟ್" ಎಂದಿತು ಬಾಯಿ.

ಯಾರೋ ಕಿಸಕ್ಕೆಂದರು. ಮುದುಕ ಕೈಯಲ್ಲಿದ್ದ ಹ್ಯಾಟನ್ನು ತಿರುಗಿಸುತ್ತ ನಿಂತ. "ಮುಂದೇನೋ ಇತ್ತು... ಮರ್ತೋಯ್ತು" ಎಂದು ಕುಳಿತುಬಿಟ್ಟ. ಹಾಸಿಗೆಯನ್ನು ಯಾರೂ ಮುಟ್ಟಲಿಲ್ಲ. ಆರ್ಡಿತಳಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು. ಗೆಳತಿಯನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದವಳು ತಾನು.

ಬೆಳಿಗ್ಗೆ ತೆಂಗಿನಹಾಲಿನ ಅನ್ನ ಹಿಡಿದು ಹೋದಳು. "ಆಲ್ಬನಣ್ಣ, ನನ್ನ ನಾಲಿಗೆ ಬಿದ್ದೋಗ್ಲಿ. ಎಲ್ರನ್ನೂ ಮತ್ತೆ ಕರೀತೀನಿ. ನಿಮಗೆ ಹೆಂಗೆ ಬರುತ್ತೋ ಹಂಗೇ ಹೇಳಿ."

"ನಿಂದೇನು ತಪ್ಪು ಟೀಚರಮ್ಮ?" ಎಂದ ಆಲ್ಬನ್. ಅವನ ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. "ಮೇಬಲ್ ಅಂಥವಳನ್ನ ತಪ್ಪು ಮಾತಾಡಿ ಕಳಿಸೋಕಾಗುತ್ತಾ?"

ಸಂಜೆ ಮತ್ತೆ ಜನ ಸೇರಿದರು. ಆರ್ಡಿತ್ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಹಿಂದೆ ಕುಳಿತಳು. ಆಲ್ಬನ್ ಎದ್ದ. ಹೆಂಡತಿಯ ಹಾಸಿಗೆಯ ಕಡೆ ನೋಡದೆ, ಜನರ ನಡುವೆ ಆರ್ಡಿತಳನ್ನೇ ಹುಡುಕಿದ.

"ಮೇಬಲ್, ನೀನು ಗೇಟಿನ ಹತ್ರ..." ಎಂದು ಈ ಸಲ 'ಅಟ್' ಹಾಕಿ ನಿಲ್ಲಿಸಿದ. "ಸರಿ ಇದ್ಯಾ ಟೀಚರಮ್ಮ?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ಮುಂದಿನ ಮಾತು ಹೇಳಿದ, ಮತ್ತೆ ಅವಳತ್ತ ನೋಡಿದ. ಮೇಬಲಳಿಗೆ ಸೇರಬೇಕಾದ ಒಂದೊಂದು ಮಾತಿಗೂ, ಕೊನೆಯ ಮಾತಿನವರೆಗೂ, ಆರ್ಡಿತ್ ತಲೆಯಾಡಿಸಬೇಕಾಯಿತು.