ಹೂವು ಮುಗಿಯಲಿ ಎಂದವರು

ಪಕ್ಕದ ಮನೆಯ ಆಂಟಿಯ ಎಡಹುಬ್ಬನ್ನು ಹಳೆಯ ಗಾಯವೊಂದು ಎರಡಾಗಿ ಸೀಳಿತ್ತು. ಸಿಟ್ಟು ಬಂದರೆ ಅದರಲ್ಲಿ ಒಂದು ತುಂಡು ಮಾತ್ರ ಮೇಲೇರುತ್ತಿತ್ತು. ಧಾರವಾಡದ ಕಡೆಯವರು. ನರ್ಸ್ ಕೆಲಸದಿಂದ ನಿವೃತ್ತರಾಗಿ ನ್ಯೂಜಿಲೆಂಡಿನ ತಕಾನಿನಿಯ ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದರು. ಗಿಡ ಸವರುವ ಮುನ್ನ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುವುದು ಅವರ ಅಭ್ಯಾಸ.

ನಮ್ಮ ಗೇಟಿನ ಬಳಿ ಚಳಿಗಾಲದಲ್ಲಿ ಹೂಬಿಡುವ ಕೆಮೇಲಿಯಾ ಗಿಡ ನನ್ನ ಗಂಡ ನೆಟ್ಟದ್ದು. ಅವರು ತೀರಿಕೊಂಡ ಮೇಲೆ ಅದನ್ನು ಮುಟ್ಟಲು ಮಗಳು ಬಿಡುತ್ತಿರಲಿಲ್ಲ. ಗಿಡ ಒಂದೇ ಕಡೆ ವಾಲಿ ಫುಟ್‌ಪಾತನ್ನು ಮುಚ್ಚಿತ್ತು. ಆಗಷ್ಟೇ ಡ್ರೈವಿಂಗ್ ಕಲಿಯುತ್ತಿದ್ದ ಅವಳು ಒಂದು ಸಂಜೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಳು. ಗಿಡದ ಮರೆಯಿಂದ ಪುಟ್ಟ ಹುಡುಗಿಯೊಬ್ಬಳು ಮಕ್ಕಳ ಸ್ಕೂಟರ್ ತಳ್ಳಿಕೊಂಡು ಬಂದಳು. ನಾನು ಕಿರುಚಿದೆ. ಬ್ರೇಕ್ ಬಿತ್ತು. ಕಾರಿಗೂ ಮಗುವಿಗೂ ನಡುವೆ ಗೇಣು ಜಾಗ.

ಓಡಿಹೋಗಿ ಗರಗಸ ತಂದೆ. ಇಡೀ ಗಿಡವನ್ನೇ ಉರುಳಿಸುವವಳಿದ್ದೆ.

"ಅದು ಡ್ಯಾಡ್ ನೆಟ್ಟಿದ್ದು! ಡೋಂಟ್ ಟಚ್ ಇಟ್!" ಮಗಳು ಅಡ್ಡ ನಿಂತಳು.

ಕೂಗು ಕೇಳಿ ಓಡಿಬಂದ ಆಂಟಿ ನನ್ನ ಮಣಿಕಟ್ಟು ಹಿಡಿದರು. "ಹೆದರಿಕಿ ಒಳಗ ಗರಗಸ ಹಿಡೀಬ್ಯಾಡ್ರಿ. ದಾರಿಗೆ ಬಂದ ಟೊಂಗಿ ಅಷ್ಟ ಇವತ್ತ ತಗಿಯೋಣು. ಉಳಿದದ್ದರಾಗ ಮೊಗ್ಗಿ ಅದಾವು. ಹೂವು ಮುಗೀಲಿ."

ಚಳಿಗಾಲವಿಡೀ ತಾಯಿ-ಮಗಳು ಒಂದೇ ಮೇಜಿನಲ್ಲಿ ಮಾತಿಲ್ಲದೆ ಉಂಡೆವು. ಕೊನೆಯ ಹೂ ಉದುರಿದಾಗ ಆಂಟಿ ಬಂದು ಕತ್ತರಿ, ಗರಗಸ ಎರಡನ್ನೂ ನನಗಲ್ಲ, ಮಗಳಿಗೆ ಕೊಟ್ಟರು.

"ಮೊದಲ ಒಣಗಿದ್ದು ತಗಿ. ಆಮ್ಯಾಲ ಒಂದಕ್ಕೊಂದು ತಿಕ್ಕೋವು. ಹೊರಗ ಮುಖ ಮಾಡಿದ ಚಿಗುರಿನ ಕಣ್ಣು ಕಾಣತೈತಲ್ಲ, ಅದರ ತುಸು ಮ್ಯಾಲ ಕತ್ತರಸು."

ವಾಲಿದ್ದ ದಪ್ಪ ಕೊಂಬೆಯ ಹತ್ತಿರ ಅವಳ ಕೈ ನಿಂತಿತು. "ಇಟ್ ವಿಲ್ ಡೈ, ಆಂಟಿ."

"ಸಾಯಂಗಿಲ್ಲಂತ ನಾ ಹೆಂಗ ಆಣಿ ಮಾಡ್ಲಿ? ಹಿಂಗ ಬಿಟ್ರ ಮಾತ್ರ ಗಾಳಿಗೆ ಬುಡಾನ ಸೀಳತೈತಿ."

ಅಳುತ್ತಲೇ ಕೊಯ್ದಳು. ಉಳಿದದ್ದು ಬೋಳು ಮೋಟು. ವಾರಗಳು ಕಳೆದರೂ ಏನೂ ಕಾಣಲಿಲ್ಲ. ಕಾಲೇಜಿಗೆ ಹೊರಡುವ ಮುನ್ನ ಅವಳು ಅದನ್ನು ತಡವಿ ನೋಡುವಾಗ ನಾನು ಕಿಟಕಿಯ ಹಿಂದೆ ನಿಂತು ಗಮನಿಸುತ್ತಿದ್ದೆ. ಒಂದು ಬೆಳಿಗ್ಗೆ "ಅಮ್ಮಾ, ಬಾ ಇಲ್ಲಿ!" ಎಂದಳು. ಬೋಳು ತೊಗಟೆಯನ್ನು ಒಡೆದು ತಾಮ್ರಬಣ್ಣದ ಚಿಗುರು ಬಂದಿತ್ತು.

ಮರುವರ್ಷ ಆಂಟಿಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಿಂದ ಬಂದ ಫೋನನ್ನು ಎತ್ತಿದ್ದು ಮಗಳು. "ಆಂಟಿ ಹೋಗ್ಬಿಟ್ರಮ್ಮ" ಎನ್ನುತ್ತಾ ನನ್ನ ಪಕ್ಕ ಬಂದು ಕುಳಿತಳು. ಅವಳಪ್ಪ ಹೋದಾಗ ನಾವಿಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೆವು. ಅಂದು ಒಟ್ಟಿಗೆ ಅತ್ತೆವು.